ಹೊಲ್ದು ಕೊಡಿ ಡಾಕ್ಟ್ರವ್ವ

ಅದರ ಕತ್ತಿನ ಸುತ್ತ ಒಂದು ಬೆರಳಗಲ ಕೂದಲು ಸವೆದು ಹೋಗಿತ್ತು. ಹಗ್ಗದ ಗುರುತು. ಯಾರೋ ಕಣ್ಣಿ ಹಾಕಿ ಗೂಟಕ್ಕೆ ಕಟ್ಟಿದ್ದರು. ಅದು ತಾಯಿಯ ಕಡೆಗೆ ಎಳೆದಾಡಿತ್ತು. ಪಶುವೈದ್ಯ ಕಾಲೇಜಿನ ಮೊದಲ ವರ್ಷದ ಅನಾಟಮಿ, ಅಂದರೆ ಅಂಗರಚನೆಯ ತರಗತಿಯಲ್ಲಿ ನಾನು ಮೊದಲು ನೋಡಿದ್ದು ಆ ಗುರುತನ್ನೇ. ಮೇಷ್ಟ್ರು ಭುಜದ ಸ್ನಾಯುಗಳ ಹೆಸರು ಹೇಳುತ್ತಿದ್ದರು. ನನ್ನ ಕಣ್ಣು ಕತ್ತಿನ ಮೇಲೇ ಇತ್ತು.

ಅದು ಎಮ್ಮೆಯ ಗಂಡುಗರು. ಸತ್ತ ಮೇಲೂ ನಿಂತೇ ಇತ್ತು. ಬೆನ್ನಿಗೆ ಕೊಕ್ಕೆ ಹಾಕಿ, ಮೇಲಿನ ಕಬ್ಬಿಣದ ತೊಲೆಗೆ ತೂಗುಬಿಟ್ಟು, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಏರಿಸಿದರೆ ದೇಹ ಹಾಗೇ ಸೆಟೆದುಕೊಳ್ಳುತ್ತದೆ. ಬದುಕಿದ್ದಾಗ ಯಾವ ಅಂಗ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಮಲಗಿಸಿದರೆ ಹೊಟ್ಟೆಯೊಳಗಿನದೆಲ್ಲ ಒಂದು ಕಡೆಗೆ ಜಾರುತ್ತೆ, ಅದಕ್ಕೇ ನಿಲ್ಲಿಸುವುದು.

ಇದನ್ನು ಹೇಗೆ ಮಾಡುತ್ತಾರೆ ಅಂತ ಆಮೇಲೆ ತಿಳಿಯಿತು. ಕತ್ತಿನಲ್ಲಿ ಕ್ಯಾರೊಟಿಡ್ ಅನ್ನುವ ದಪ್ಪ ಅಪಧಮನಿ ಇದೆ. ಪ್ರಾಣಿಗೆ ಪ್ರಜ್ಞೆ ತಪ್ಪಿಸಿ, ಅಲ್ಲಿ ಕುಯ್ದು, ಒಂದು ಕೊಳವೆ ಸೇರಿಸಿ ರಕ್ತ ಹೊರಗೆ ಬಿಡುತ್ತಾರೆ. ಪ್ರಾಣ ಹೋಗುವುದು ಹಾಗೆ. ಆಮೇಲೆ ಅದೇ ಕೊಳವೆಯಿಂದ ಫಾರ್ಮಲಿನ್ ಒಳಗೆ ಹೋಗುತ್ತದೆ. ರಕ್ತ ಓಡಾಡುತ್ತಿದ್ದ ದಾರಿಯಲ್ಲೇ ಅದೂ ಓಡಿ, ಗೊರಸಿನ ತುದಿಯವರೆಗೂ ಮುಟ್ಟುತ್ತದೆ. ನಮ್ಮ ಕರುವಿನ ಕತ್ತಿನಲ್ಲಿ ಆ ಕುಯ್ದ ಜಾಗ ಹಗ್ಗದ ಗುರುತಿನಿಂದ ಮೂರು ಬೆರಳು ಕೆಳಗಿತ್ತು.

ಕಾಲೇಜಿನ ಹೆಸರು ಬೇಡ. ಪಶುವೈದ್ಯ ಓದಿದವರನ್ನು ಕೇಳಿ ನೋಡಿ, ತುಂಬಾ ಜನ ಇದೇ ಕಥೆ ಹೇಳುತ್ತಾರೆ.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಊಟ ಸೇರಲಿಲ್ಲ. ವಾಸನೆಗೆ ಅಂತ ಎಲ್ಲರೂ ಅಂದುಕೊಂಡರು. ವಾಸನೆಯೂ ಇತ್ತು, ಸುಳ್ಳಲ್ಲ. ಕಣ್ಣು ಉರಿದು ನೀರು ಸುರಿಯುತ್ತಿತ್ತು, ಕರ್ಚೀಫು ಕಟ್ಟಿಕೊಂಡೇ ಕೆಲಸ ಮಾಡಿದ್ದೆವು. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿತ್ತು. ಗಾಳಿ ಸರಿಯಾಗಿ ಆಡದ ಹಾಲ್‌ನಲ್ಲಿ ಮಕ್ಕಳನ್ನು ಗಂಟೆಗಟ್ಟಲೆ ನಿಲ್ಲಿಸುವುದು ತಪ್ಪು. ಆದರೆ ನನಗೆ ಅನ್ನ ಇಳಿಯದ ಕಾರಣ ಬೇರೆ.

ನಮ್ಮ ಮನೆಯಲ್ಲೂ ಎಮ್ಮೆ ಇತ್ತು. ಅದು ಗಂಡುಗರು ಹಾಕಿದಾಗಲೆಲ್ಲ ಅಪ್ಪ ಅದನ್ನು ಜಾಸ್ತಿ ದಿನ ಇಟ್ಟುಕೊಳ್ಳುತ್ತಿರಲಿಲ್ಲ. ಹಾಲೆಲ್ಲ ಅದೇ ಕುಡಿದರೆ ಡೇರಿಗೆ ಏನು ಹಾಕೋದು? ಊರಿಗೆ ಟ್ರ್ಯಾಕ್ಟರ್ ಬಂದ ಮೇಲೆ ಕೋಣ ಕಟ್ಟಿ ಉಳುವವರೂ ಇರಲಿಲ್ಲ. ಸಂತೆ ದಿನ ಕರುವನ್ನು ಹೊಡೆದುಕೊಂಡು ಹೋದರೆ ಸಂಜೆ ಅಪ್ಪ ಒಬ್ಬರೇ ಬರುತ್ತಿದ್ದರು, ಕೈಯಲ್ಲಿ ಬರೀ ಹಗ್ಗ. ಅದು ಎಲ್ಲಿಗೆ ಹೋಯ್ತು ಅಂತ ನಾನು ಕೇಳಿದವಳಲ್ಲ. ಅವತ್ತು ಹಾಲ್‌ನಲ್ಲಿ ಆ ಕರುವಿನ ಹತ್ತಿರ ನಿಂತಾಗ ಅನ್ನಿಸಿತು, ಇದು ನಮ್ಮ ಮನೆಯದೇ ಇರಬಹುದು. ಇಲ್ಲದಿದ್ದರೆ ನಮ್ಮಂಥ ಇನ್ನೊಂದು ಮನೆಯದು. ಇದನ್ನು ಕಲಿಕೆಗೆ ಅಂತ ಯಾರೂ ಕೊಟ್ಟಿರಲಿಲ್ಲ. ಸಂತೆಯಲ್ಲಿ ಮಾರಿದ್ದರು, ಕೈಯಿಂದ ಕೈಗೆ ಬಂದು ಇಲ್ಲಿ ಮುಟ್ಟಿತ್ತು, ಅಷ್ಟೇ.

ನಮ್ಮ ಹಾಲ್‌ನಲ್ಲಿ ಒಬ್ಬ ಅಟೆಂಡರ್ ಇದ್ದರು. ಅಣ್ಣ ಅಂತಲೇ ಕರೆಯುತ್ತಿದ್ದೆವು. ಮೇಷ್ಟ್ರು ಕುಯ್ಯುವ ಮುಂಚೆ ಒಂದು ಸಲ ಅವರ ಮುಖ ನೋಡುತ್ತಿದ್ದರು. ಮೊಣಕಾಲಿನ ಕೀಲು ಎಲ್ಲಿ ಬಿಡುತ್ತೆ, ಚಾಕು ಯಾವ ಓರೆಯಲ್ಲಿ ಹೋದರೆ ಮೂಳೆಗೆ ತಾಗಲ್ಲ ಅನ್ನೋದು ಅವರ ಬೆರಳಿಗೇ ಗೊತ್ತಿತ್ತು. ಒಂದು ದಿನ ನಾನು ಕೇಳಿದೆ, ಅಣ್ಣ, ಇದೆಲ್ಲ ಎಲ್ಲಿ ಕಲಿತಿರಿ? "ನಮ್ಮಪ್ಪ ಊರಲ್ಲಿ ಸತ್ತ ದನ ಎಳೀತಿದ್ದ ಕಣಮ್ಮ. ಚರ್ಮ ಸುಲಿಯೋನು. ಅವನ ಹಿಂದೆ ಹೋಗಿ ಕಲ್ತಿದ್ದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ಊರು ಬಿಟ್ಟಿದ್ದೂನೂ" ಅಂದರು.

ಈ ಮಾತನ್ನು ನಾನು ಎಷ್ಟು ವರ್ಷವಾದರೂ ಮರೆತಿಲ್ಲ. ನಾವು ಬಿಳಿ ಕೋಟು ಹಾಕಿಕೊಂಡು, ಪುಸ್ತಕ ತೆರೆದಿಟ್ಟುಕೊಂಡು ಕುಯ್ದರೆ ಅದು ವಿದ್ಯೆ. ಅದೇ ದೇಹವನ್ನು, ಅದೇ ಕೈಚಳಕದಿಂದ ಅವರ ಅಪ್ಪ ಬಿಡಿಸಿದರೆ ಅವರಿಗೆ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. ದನದ ದೇಹದ ಬಗ್ಗೆ ಈ ನಾಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವರನ್ನು ಊರ ಹೊರಗೆ ಇಟ್ಟಿದ್ದೆವು. ನನಗೆ ಅನಾಟಮಿ ಕಲಿಸಿದವರಲ್ಲಿ ಆ ಅಣ್ಣನೂ ಒಬ್ಬರು. ಇದನ್ನು ಎಲ್ಲಾದರೂ ಬರೆಯಬೇಕಿತ್ತು, ಬರೆದಿದ್ದೇನೆ.

ಆ ಕರು ನಮ್ಮ ಜೊತೆ ತಿಂಗಳುಗಟ್ಟಲೆ ಇತ್ತು. ಮೊದಲು ಮುಂಗಾಲು, ಆಮೇಲೆ ಕತ್ತು, ಎದೆಗೂಡು, ಹೊಟ್ಟೆ, ಹಿಂಗಾಲು. ಒಂದೊಂದಾಗಿ ಬಿಡಿಸುತ್ತಾ ಹೋದೆವು. ಹಿಂಗಾಲಿನ ಮಾಂಸದ ಅಡಿಯಲ್ಲಿ ಸಯಾಟಿಕ್ ನರ ಸಿಕ್ಕ ದಿನ ಎಲ್ಲರೂ ಸುಮ್ಮನಾದೆವು. ನರ ಅಂದರೆ ದಾರದ ಥರ ಇರುತ್ತೆ ಅಂತ ನನ್ನ ಮನಸ್ಸಿನಲ್ಲಿತ್ತು. ಇದು ಚಪ್ಪಟೆಯಾಗಿ, ಬೆಳ್ಳಗೆ ಹೊಳೆಯುವ ಟೇಪಿನ ಹಾಗಿತ್ತು. ಕರುವಿನ ತೊಡೆಗೆ ಅಂದಾಜಿನ ಮೇಲೆ ಇಂಜೆಕ್ಷನ್ ಚುಚ್ಚಿದರೆ ತಗಲುವುದು ಇದಕ್ಕೇ. ತಗುಲಿದರೆ ಕರು ಕಾಲೆಳೆಯುತ್ತದೆ, ಕೆಲವು ಸಲ ಜೀವನಪೂರ್ತಿ. ಇವತ್ತಿಗೂ ಸೂಜಿ ಹಿಡಿದರೆ ಚರ್ಮದ ಅಡಿಯಲ್ಲಿ ಆ ಬಿಳಿ ಪಟ್ಟಿ ನನಗೆ ಕಾಣುತ್ತದೆ.

ಕತ್ತಿನ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಜುಗ್ಯುಲರ್ ಅನ್ನುವ ಅಭಿಧಮನಿ ಚರ್ಮದ ಕೆಳಗೇ ಇದೆ. ಅದರ ಹಿಂದೆ, ಸ್ವಲ್ಪ ಆಳದಲ್ಲಿ ಆ ಕ್ಯಾರೊಟಿಡ್ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು. ಕರು ಹಾಕಿ ಎರಡು ದಿನವಾದ ಎಚ್ಚೆಫ್ ಹಸು, ಕತ್ತು ಪಕ್ಕೆಗೆ ತಿರುಗಿಸಿ ಮಲಗಿಬಿಟ್ಟಿದೆ, ಕಿವಿ ತಣ್ಣಗಾಗಿದೆ. ಹಾಲು ಜ್ವರ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಹೋಗಿದೆ. ಇದಕ್ಕೆ ಕ್ಯಾಲ್ಸಿಯಂ ಅನ್ನು ಜುಗ್ಯುಲರ್‌ಗೆ ನಿಧಾನವಾಗಿ ಬಿಡಬೇಕು. ಜೋರಾಗಿ ಬಿಟ್ಟರೆ ಹೃದಯ ನಿಲ್ಲಬಹುದು. ಸೂಜಿ ಆಳಕ್ಕೆ ಹೋಗಿ ಕ್ಯಾರೊಟಿಡ್ ಸೇರಿದರೆ ಔಷಧಿ ನೇರ ಮಿದುಳಿಗೆ ಹೋಗಿ, ಹಸು ಕಣ್ಣೆದುರೇ ಒದ್ದಾಡುತ್ತೆ. ಕೊಟ್ಟಿಗೆಯಲ್ಲಿ ಇದ್ದದ್ದು ಮೊಬೈಲ್ ಬೆಳಕು. ಮನೆಯವರೆಲ್ಲ ಸುತ್ತ ನಿಂತಿದ್ದರು. ಹೆಬ್ಬೆರಳಿನಿಂದ ಒತ್ತಿ, ನಾಳ ಉಬ್ಬಿಸಿ, ಸೂಜಿ ಹಾಕಿದೆ. ಕಪ್ಪು ರಕ್ತ ಒಂದೇ ಸಮನೆ ತೊಟ್ಟಿಕ್ಕಿತು. ಕೆಂಪಗೆ ಚಿಮ್ಮಲಿಲ್ಲ. ಸರಿಯಾದ ನಾಳ. 450 ಮಿಲಿ ಬಾಟಲಿ ಖಾಲಿಯಾಗುವಷ್ಟರಲ್ಲಿ ಹಸು ತೇಗಿತು, ಮೈ ನಡುಗಿಸಿತು, ಸಗಣಿ ಹಾಕಿತು. ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು. ಮನೆಯ ಹೆಂಗಸು ಹಸುವಿನ ಹಣೆಗೂ ನನ್ನ ಕೈಗೂ ಕುಂಕುಮ ಹಚ್ಚಿದರು. ನನಗೆ ಆಗ ನೆನಪಾದದ್ದು ಆ ಗಂಡುಗರು. ಈ ಎರಡು ನಾಳಗಳ ನಡುವಿನ ಅಂತರ ನನಗೆ ಕಲಿಸಿದ್ದು ಅದರ ಕತ್ತು.

ಅದಕ್ಕೇ "ದೇಹ ಯಾಕೆ ಬೇಕು, ಪ್ಲಾಸ್ಟಿಕ್ ಮಾಡೆಲ್ ಸಾಲದಾ?" ಅಂತ ಕೇಳಿದರೆ ಸಾಲದು ಅಂತಲೇ ಹೇಳುತ್ತೇನೆ. ಪುಸ್ತಕದಲ್ಲಿ ಹಸುವಿನ ಹೊಟ್ಟೆಯ ನಾಲ್ಕು ಭಾಗಗಳನ್ನು ನಾಲ್ಕು ಬಣ್ಣದಲ್ಲಿ ಬರೆದಿರುತ್ತಾರೆ. ದೇಹದಲ್ಲಿ ಬಣ್ಣ ಇರಲ್ಲ. ಎಡ ಪಕ್ಕೆ ತೆರೆದರೆ ಕಾಣುವುದು ಬರೀ ರೂಮೆನ್, ನಾಲ್ಕರಲ್ಲಿ ಎಲ್ಲಕ್ಕಿಂತ ದೊಡ್ಡದು, ಆ ಇಡೀ ಪಕ್ಕೆ ಅದರದ್ದೇ. ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಹೊಟ್ಟೆ ಉಬ್ಬರಿಸಿ ಸಾಯುತ್ತಿರುವ ಹಸುವಿಗೆ ಎಡಗಡೆಯ ಗುಳಿಯಲ್ಲೇ ಯಾಕೆ ಚುಚ್ಚಬೇಕು ಅನ್ನೋದು ಇದನ್ನು ಕಂಡವರಿಗೆ ಬಾಯಿಪಾಠ ಬೇಕಾಗಲ್ಲ.

ಹಾಗಂತ ಬೇರೆ ದಾರಿಯೇ ಇಲ್ಲ ಅಂತಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಂಟರ್ ಫಾನ್ ಹಾಗೆನ್ಸ್ 1977ರಲ್ಲಿ ಪ್ಲಾಸ್ಟಿನೇಶನ್ ಅನ್ನುವ ವಿಧಾನ ಕಂಡುಹಿಡಿದರು. ಅಂಗದೊಳಗಿನ ನೀರು, ಕೊಬ್ಬನ್ನು ಅಸಿಟೋನ್‌ನಿಂದ ತೆಗೆದು, ಆ ಜಾಗಕ್ಕೆ ಸಿಲಿಕೋನ್ ತುಂಬುತ್ತಾರೆ. ವಾಸನೆ ಇಲ್ಲ, ಕಣ್ಣುರಿ ಇಲ್ಲ. ಒಂದೇ ಹೃದಯ ಹತ್ತಾರು ಬ್ಯಾಚಿಗೆ ಬರುತ್ತದೆ. ಇಂಗ್ಲೆಂಡಿನ ಪಶುವೈದ್ಯೆ ಸಾರಾ ಬೇಲಿ ಕಂಪ್ಯೂಟರಿಗೆ ಜೋಡಿಸಿದ 'ಹ್ಯಾಪ್ಟಿಕ್ ಕೌ' ಅನ್ನುವ ಕೃತಕ ಹಸು ಮಾಡಿದರು. ಗರ್ಭ ನಿಂತಿದೆಯಾ ಅಂತ ಕೈ ಹಾಕಿ ನೋಡುವುದನ್ನು ಅದರಲ್ಲಿ ಕಲಿಯಬಹುದು. ಹಸುವಿಗೆ ನೋವಿಲ್ಲ. ನಮ್ಮಲ್ಲಿ ಕೃತಕ ಗರ್ಭಧಾರಣೆ ಕಲಿಸಲು ಕಸಾಯಿಖಾನೆಯಿಂದ ತಂದ ಗರ್ಭಕೋಶ ಬಳಸುತ್ತಾರೆ. ಗರ್ಭಕಂಠದ ಒಳಗಿನ ಗಟ್ಟಿ ಉಂಗುರಗಳನ್ನು ವೀರ್ಯ ಬಿಡುವ ಕೊಳವೆ, ಅಂದರೆ ಗನ್, ಒಂದೊಂದಾಗಿ ದಾಟುವುದು ಬೆರಳಿಗೆ ತಿಳಿಯಬೇಕು. ಅದಕ್ಕೆ ಇದು ಸಾಕು. ಹೆರಿಗೆ ಕಷ್ಟವಾದಾಗ ಕರುವನ್ನು ತಿರುಗಿಸಿ ತೆಗೆಯುವುದನ್ನು ಕಲಿತದ್ದು ಒಂದು ಮರದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ನಿಜವಾದ ಹಸುವಿನ ಸೊಂಟದ ಮೂಳೆ ಕೂರಿಸಿದ್ದರು. ಒಳಗೆ ಹುಟ್ಟುವಾಗಲೇ ಸತ್ತ ಕರು. ಇವು ಯಾವುದಕ್ಕೂ ಯಾರೂ ಬೇರೆಯಾಗಿ ಒಂದು ಜೀವ ತೆಗೆದಿರಲಿಲ್ಲ.

ಈ ವಿದ್ಯೆ ಶುರುವಾದದ್ದು ಸತ್ತ ದನಗಳಿಂದಲೇ. 1761ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಕ್ಲೋಡ್ ಬೂರ್ಜೆಲಾ ಮೊದಲ ಪಶುವೈದ್ಯ ಶಾಲೆ ಸ್ಥಾಪಿಸಿದಾಗ ಯೂರೋಪಿನಲ್ಲಿ ರಿಂಡರ್‌ಪೆಸ್ಟ್ ಅನ್ನುವ ಪಿಡುಗು ದನಗಳನ್ನು ಹಟ್ಟಿ ಹಟ್ಟಿಯಾಗಿ ಸಾಯಿಸುತ್ತಿತ್ತು. ಆಮೇಲೆ ಪ್ಯಾರಿಸ್ ಹತ್ತಿರದ ಆಲ್ಫೋರ್‌ನಲ್ಲಿ ಶುರುವಾದ ಶಾಲೆಯಲ್ಲಿ ಒನೊರೆ ಫ್ರಾಗೊನಾರ್ ಅನ್ನುವ ಅನಾಟಮಿ ಮೇಷ್ಟ್ರು ಚರ್ಮ ಸುಲಿದು ಒಣಗಿಸಿದ ಕುದುರೆ, ಅದರ ಮೇಲೆ ಹಾಗೇ ಸುಲಿದ ಸವಾರನನ್ನು ಕೂರಿಸಿದ. ಇನ್ನೂರೈವತ್ತು ವರ್ಷವಾದರೂ ಅದು ಅಲ್ಲಿನ ಮ್ಯೂಸಿಯಂನಲ್ಲಿದೆ. ನಾನು ಚಿತ್ರದಲ್ಲಷ್ಟೇ ನೋಡಿದ್ದೇನೆ. ರಕ್ತನಾಳಗಳು ಎಷ್ಟು ಚೆನ್ನಾಗಿ ಉಳಿದಿವೆ ಅಂದರೆ ಕಣ್ಣು ಕೀಳಲಾಗಲ್ಲ. ಆದರೆ ಆ ಕುದುರೆ ಯಾರದು ಅನ್ನೋದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಮನುಷ್ಯರ ವಿಷಯದಲ್ಲಿ ನಾವು ಈ ಪ್ರಶ್ನೆ ಕೇಳಲು ಕಲಿತಿದ್ದೇವೆ. ನಮ್ಮ ರಾಜ್ಯದಲ್ಲಿ 1957ರಿಂದ ಇದಕ್ಕೊಂದು ಅನಾಟಮಿ ಕಾಯ್ದೆಯೇ ಇದೆ. ಜನ ಬದುಕಿರುವಾಗಲೇ ಬರೆದುಕೊಟ್ಟು ದೇಹದಾನ ಮಾಡುತ್ತಾರೆ. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಕಲಿಸುವ ವೈದ್ಯರೊಬ್ಬರು ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಕುಯ್ದು ಪಾಠ ಮಾಡಿದರು. ತಂದೆಯೂ ವೈದ್ಯರಾಗಿದ್ದರು, ಅದು ಅವರದೇ ಆಸೆಯಾಗಿತ್ತು. ಆ ಸುದ್ದಿ ಓದಿದಾಗ ಮೈ ಜುಮ್ ಅಂದಿತ್ತು. ಆ ಹಾಲ್‌ನಲ್ಲಿದ್ದ ಹುಡುಗರು ಯಾರೂ ಚಾಕುವನ್ನು ಹಗುರವಾಗಿ ಹಿಡಿದಿರಲಾರರು, ಅಲ್ವಾ?

ಪ್ರಾಣಿಗಳಿಗೂ ಇದು ಸಾಧ್ಯ ಅಂತ ತೋರಿಸಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಒಂದು ಪಶುವೈದ್ಯ ಕಾಲೇಜಿಗೆ 2003ರಲ್ಲಿ ಮೊದಲ ಬ್ಯಾಚ್ ಸೇರಿತು. ಪಾಠಕ್ಕಾಗಿ ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ ಅಂತ ಅವರು ಮೊದಲೇ ತೀರ್ಮಾನಿಸಿದ್ದರು. ಸಾಕಿದವರು ತಮ್ಮ ನಾಯಿ, ಬೆಕ್ಕು, ಕುದುರೆ ಕಾಯಿಲೆಯಿಂದಲೋ ವಯಸ್ಸಾಗಿಯೋ ಸತ್ತಾಗ ದೇಹ ಕೊಡುತ್ತಾರೆ. ಬಾಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲೂ ಇಂಥ ವ್ಯವಸ್ಥೆ ಇದೆ.

ನಮ್ಮಲ್ಲಿ ಯಾಕೆ ಆಗಬಾರದು? ನಾನು ಈ ಮಾತೆತ್ತಿದಾಗಲೆಲ್ಲ ಸಹೋದ್ಯೋಗಿಗಳು ಹೇಳುವ ಕಷ್ಟಗಳು ನಿಜವಾದವೇ. ನಮ್ಮ ಬಿಸಿಲಿಗೆ ಸತ್ತ ಹಸು ಬೇಗ ಉಬ್ಬುತ್ತದೆ. ಪ್ರಾಣ ಹೋದರೂ ರೂಮೆನ್ ಒಳಗಿನ ಮೇವು ಹುಳಿಯುವುದು ನಿಲ್ಲಲ್ಲ. ಮುನ್ನೂರು ನಾನ್ನೂರು ಕೆಜಿ ದೇಹವನ್ನು ಹಳ್ಳಿಯಿಂದ ಸಾಗಿಸುವುದು ಸುಲಭವಲ್ಲ. ಎಲ್ಲಕ್ಕಿಂತ ದೊಡ್ಡ ಭಯ ನೆರಡಿಯದು, ಅಂದರೆ ಆಂಥ್ರಾಕ್ಸ್. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದನ್ನು ಯಾವ ಕಾರಣಕ್ಕೂ ಕುಯ್ಯಬಾರದು. ಗಾಳಿ ತಗುಲಿದರೆ ರೋಗಾಣು ಬೀಜಕವಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ಕುಯ್ದವರಿಗೂ ಅಪಾಯ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಎಲ್ಲ ಕಡೆಯಿಂದಲೂ ತನ್ನಿ ಅಂತ ನಾನು ಹೇಳುತ್ತಿಲ್ಲ. ಕಾಲೇಜಿನ ಆಸ್ಪತ್ರೆಗೇ ದಿನವೂ ನಾಯಿ, ಕುರಿ, ಕರು ಬರುತ್ತವೆ. ಅವುಗಳಲ್ಲಿ ಕೆಲವು ನಮ್ಮ ಕೈಯಲ್ಲೇ ಸಾಯುತ್ತವೆ. ಕಾಯಿಲೆ ಏನು ಅಂತ ಗೊತ್ತಿರುತ್ತೆ. ಸಾಕಿದವರು ಪಕ್ಕದಲ್ಲೇ ನಿಂತಿರುತ್ತಾರೆ. ಒಂದು ಮಾತು ಕೇಳಬಹುದು. ಒಂದು ಫಾರಂ, ಒಂದು ಫ್ರೀಜರ್ ಇದ್ದರೆ ಶುರು ಮಾಡಬಹುದು.

ಕೇಳುವುದೇ ಕಷ್ಟ. ನನಗೂ ಗೊತ್ತು. ಹಸು ಸತ್ತ ಮನೆಯಲ್ಲಿ ಅವತ್ತು ಒಲೆ ಹಚ್ಚದವರನ್ನು ನೋಡಿದ್ದೇನೆ. ಮೈಗೆ ಅರಿಸಿನ ಕುಂಕುಮ ಹಚ್ಚಿ, ಗುಂಡಿಗೆ ಉಪ್ಪು ಸುರಿದು, ಮಗುವನ್ನು ಮಲಗಿಸುವ ಹಾಗೆ ಮಲಗಿಸಿ ಮಣ್ಣೆಳೆಯುತ್ತಾರೆ. ಅಂಥವರ ಮುಂದೆ ಹೋಗಿ 'ಕುಯ್ಯಲಾ?' ಅಂತ ಕೇಳುವುದು ಹೇಗೆ?

ಎರಡು ವರ್ಷದ ಹಿಂದೆ ಕೇಳಿದೆ.

ಹಸುವಿನ ಹೆಸರು ಗೌರಿ. ಹತ್ತು ದಿನ ನಾನೇ ಔಷಧಿ ಕೊಟ್ಟಿದ್ದೆ. ಮೇವು ಬಿಟ್ಟಿತ್ತು. ಮುಂಗಾಲಿನ ಮೊಣಕೈ ಹೊರಗೆ ಚಾಚಿ ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಇಳಿಯಲು ನರಳುತ್ತಿತ್ತು. ಕೊನೆಗೆ ಎದೆಯ ಮುಂದೆ ನೀರು ತುಂಬಿ ಜೋತುಬಿತ್ತು. ಏನು ಅಂತ ಅಂದಾಜಾಗಿತ್ತು, ಆದರೆ ಕೈಮೀರಿತ್ತು. ಒಂದು ಬೆಳಗ್ಗೆ ಹೋಯಿತು. ವಿಮೆ ಇತ್ತು, ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ. ವಿಮೆಗೆ ಪೋಸ್ಟ್‌ಮಾರ್ಟಂ ಬೇಕು. ನನ್ನ ಜೊತೆ ಇಂಟರ್ನ್‌ಶಿಪ್‌ಗೆ ಬಂದಿದ್ದ ಒಬ್ಬ ಹುಡುಗ, ಒಬ್ಬಳು ಹುಡುಗಿ ಇದ್ದರು. ನನಗೆ ಬರೀ ವರದಿ ಬರೆದು ಎದ್ದು ಬರಬಹುದಿತ್ತು. ಅದಕ್ಕೆ ಇಪ್ಪತ್ತು ನಿಮಿಷ ಸಾಕು.

ಹಸು ಅಜ್ಜಿಯದು. ಅವರು ಹುಣಸೆ ಮರದ ಬುಡದಲ್ಲಿ ಕೂತಿದ್ದರು. ಹತ್ತಿರ ಹೋಗಿ ಕೂತೆ. "ಅಜ್ಜಿ, ಈ ಮಕ್ಕಳು ಡಾಕ್ಟ್ರಿಕೆ ಓದ್ತಿದಾರೆ. ಗೌರಿ ಒಳಗೆ ಏನಾಗಿತ್ತು ಅಂತ ಇವರಿಗೆ ನಿಧಾನಕ್ಕೆ ತೋರಿಸ್ಲಾ? ಸ್ವಲ್ಪ ಹೊತ್ತು ಜಾಸ್ತಿ ಆಗುತ್ತೆ. ನೀವು ಬ್ಯಾಡ ಅಂದ್ರೆ ಬ್ಯಾಡ."

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗಿಯ ಕಡೆ ತಿರುಗಿ, "ನಿಮ್ಮನೇಲಿ ದನ ಅವ್ಯಾ?" ಅಂದರು. ಅವಳು ಇದೆ ಅಜ್ಜಿ, ಎರಡು, ಅಂದಳು. "ಕಲ್ತ್ಕೋ ಹಂಗಾರೆ" ಅಂದರು. ನನ್ನ ಕಡೆ ನೋಡಿ, "ಆದ್ರೆ ಹಂಗೇ ಬಿಟ್ಟೋಗ್ಬ್ಯಾಡಿ. ಹೊಲ್ದು ಕೊಡಿ ಡಾಕ್ಟ್ರವ್ವ. ಹಂಗೇ ಬಾಯ್ ತಕ್ಕೊಂಡು ಮಣ್ಣಿಗೆ ಹಾಕಾಕೆ ನನ್ ಕೈಲಿ ಆಗಾಕಿಲ್ಲ."

ಎಡ ಮಗ್ಗುಲಿಗೆ ಮಲಗಿಸಿ ತೆರೆದೆವು. ಮಕ್ಕಳಿಗೆ ಒಂದೊಂದೂ ಮುಟ್ಟಿ ತೋರಿಸಿದೆ. ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಇನ್ನೊಂದು ರೆಟಿಕುಲಮ್, ಅದರ ಒಳಗೋಡೆ ಜೇನುಗೂಡಿನ ಥರ ಇರುತ್ತೆ, ಮನೆಯಲ್ಲಿ ಬೋಟಿ ತೊಳೆದವರಿಗೆ ಇದರ ಗುರುತಿದೆ. ಹಸು ಮೇವನ್ನು ಅಗಿಯದೆ ನುಂಗುತ್ತೆ. ಮೊಳೆ, ತಂತಿ ಇದ್ದರೂ ಗೊತ್ತಾಗಲ್ಲ. ಭಾರದ್ದೆಲ್ಲ ಬಂದು ಬೀಳುವುದು ಈ ಜೇನುಗೂಡಿಗೆ. ಅದರ ಮುಂದೆ ಹೊಟ್ಟೆಯನ್ನೂ ಎದೆಯನ್ನೂ ಬೇರೆ ಮಾಡುವ ತೆಳ್ಳಗಿನ ಪರದೆ, ವಪೆ. ವಪೆಯ ಆ ಕಡೆ, ಕೆಲವೇ ಸೆಂಟಿಮೀಟರ್ ದೂರದಲ್ಲಿ ಹೃದಯ. ಹುಡುಗಿಯ ಕೈ ಹಿಡಿದು ಆ ದಾರಿಯಲ್ಲಿ ಬೆರಳು ಆಡಿಸಿದೆ. ಅವಳ ಬೆರಳಿಗೆ ತಂತಿ ಸಿಕ್ಕಿತು. "ಮೇಡಂ" ಅಂದಳು, ಅಷ್ಟೇ. ಹೃದಯದ ಚೀಲ ದಪ್ಪಗಾಗಿ, ಒಳಗೆ ಕೀವು ತುಂಬಿತ್ತು. ಹುಡುಗ ಪಾಠದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದನಂತೆ. ಹೃದಯ ಇಷ್ಟು ಹತ್ತಿರ ಇದೆ ಅಂತ ಗೊತ್ತಿರಲಿಲ್ಲ ಮೇಡಂ, ಅಂದ.

ಸೆಂಟ್ರಿಂಗ್ ಕೆಲಸದಲ್ಲಿ ಕಂಬಿ ಕಟ್ಟುವ ತಂತಿ. ಹೋದ ವರ್ಷ ಮನೆಗೆ ಮೋಲ್ಡ್ ಹಾಕಿಸಿದ್ದೆವು ಅಂತ ಮೊಮ್ಮಗ ಮೆಲ್ಲಗೆ ಹೇಳಿದ. ಅಜ್ಜಿಗೆ ಹೇಳುವುದೋ ಬೇಡವೋ ಅಂತ ನಾನು ಯೋಚಿಸುವಷ್ಟರಲ್ಲಿ ಅವರೇ ಎದ್ದು ಬಂದಿದ್ದರು. ಕೈ ಚಾಚಿದರು. ತೊಳೆದು ಕೊಟ್ಟೆ. ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಬೆರಳುದ್ದವೂ ಇರಲಿಲ್ಲ. "ಇದಾ?" ಅಂದರು. ಹೂಂ ಅಜ್ಜಿ, ಅಂದೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ನನ್ನ ಬ್ಯಾಗಿನ ಸೂಜಿ ಸಾಲದಾಯಿತು. ಮೊಮ್ಮಗ ಮನೆಯಿಂದ ದಬ್ಬಳ, ಗೋಣಿದಾರ ತಂದ. ಮಕ್ಕಳಿಬ್ಬರೂ ಆಚೆ ಈಚೆ ಕೂತರು. ಎಲ್ಲವನ್ನೂ ಒಳಗಿಟ್ಟು, ಹೊಟ್ಟೆಯ ಕಡೆಯಿಂದ ಶುರು ಮಾಡಿ ಕತ್ತಿನವರೆಗೆ ಹೊಲಿದೆವು. ಮೂವರೂ ಸರದಿಯ ಮೇಲೆ ಹೊಲಿದರೂ ಮುಕ್ಕಾಲು ಗಂಟೆ ಹಿಡಿಯಿತು. ನಮ್ಮ ಗಂಡುಗರುವನ್ನು ಕೊನೆಗೆ ಎಲ್ಲಿಗೆ ಹೊತ್ತರು ಅಂತ ನಾನು ನೋಡಿರಲಿಲ್ಲ. ಹೊಲಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಮುಗಿಯಿತು ಅಂತ ನಾನು ಗ್ಲೌಸ್ ತೆಗೆಯುತ್ತಿದ್ದೆ. ಅಜ್ಜಿ ಬಗ್ಗಿ, ಎದೆಯ ಹತ್ತಿರ ಬೆರಳಿಟ್ಟು ತೋರಿಸಿದರು. ಎರಡು ಹೊಲಿಗೆಯ ನಡುವೆ ಜಾಸ್ತಿ ಜಾಗ ಬಿಟ್ಟಿತ್ತು.

ಹುಡುಗಿ ಮತ್ತೆ ಮೊಣಕಾಲೂರಿ ಕೂತಳು. ದಬ್ಬಳಕ್ಕೆ ದಾರ ಪೋಣಿಸಿದಳು. ಅವಳು ಗಂಟು ಹಾಕಿ ಮುಗಿಸುವವರೆಗೂ ಅಜ್ಜಿ ಗೌರಿಯ ಚರ್ಮದ ಎರಡೂ ಅಂಚನ್ನು ಕೂಡಿಸಿ ಹಿಡಿದುಕೊಂಡಿದ್ದರು.